ಸಾಹೇಬ್ರು ಬಂದ್ರೋ, ಹೋದ್ರೋ?

ಸರ್ಕಾರಿ ಕಚೇರಿಗೆ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿ ಸೇರಿದ ಹೊಸದರಲ್ಲೇ ನನಗೆ ಸಿಬ್ಬಂದಿ ವಿಭಾಗದ ಕೇಸ್‌ವರ್ಕರ್ ಕೆಲಸ ಬಂತು. ವರ್ಗಾವಣೆ ಶುರುವಾದರೆ ಸಾಲು ಸಾಲು ಸಿಟಿಸಿ. ಸಂಬಳದ ಸಿಟಿಸಿ ಅಲ್ಲ, ಪ್ರಭಾರ ವರ್ಗಾವಣೆ ಪ್ರಮಾಣಪತ್ರ, ಅಂದರೆ ಹುದ್ದೆಯ ಹೊಣೆ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು ಅನ್ನುವ ಪತ್ರ. ಕನ್ನಡದಲ್ಲಿ ಬರೆಯುವುದು ಸಲೀಸು. ಸರ್ಕಾರದ ಲೆಕ್ಕಪತ್ರ ನೋಡುವ ಮಹಾಲೇಖಪಾಲರ ಕಚೇರಿಗೆ ಹೋಗುವ ಪತ್ರ ಮಾತ್ರ ಇಂಗ್ಲಿಷಿನಲ್ಲಿ. ಅಲ್ಲೇ ಎಡವಿದ್ದು.

ಹೊಸದಾಗಿ ಬಂದ ಅಧಿಕಾರಿ ಹಳಬರಿಂದ 'ಹ್ಯಾಂಡೆಡ್ ಓವರ್ ಚಾರ್ಜ್ ಫ್ರಮ್' ಅಂತ ಟೈಪ್ ಮಾಡಿಬಿಟ್ಟಿದ್ದೆ. ಮೇಲ್ವಿಚಾರಕರು ಕನ್ನಡಕ ಮೇಲೆತ್ತಿ ಕೇಳಿದರು: "ಏನಪ್ಪಾ, ಸಾಹೇಬ್ರು ಬಂದ್ರೋ, ಹೋದ್ರೋ?"

ಆಮೇಲೆ ನಮ್ಮ ಕನ್ನಡವೇ ದಾರಿ ತೋರಿಸಿತು. ನಮ್ಮಲ್ಲಿ ಎರಡಕ್ಕೂ 'ವಹಿಸು' ಒಂದೇ. ವಹಿಸಿಕೊಟ್ಟರೆ ಒಬ್ಬ, ವಹಿಸಿಕೊಂಡರೆ ಇನ್ನೊಬ್ಬ. ವಹಿಸಿಕೊಟ್ಟಿದ್ದು 'ಅವರಿಗೆ', ಅಲ್ಲಿ 'ಹ್ಯಾಂಡೆಡ್ ಓವರ್ ಟು'. ವಹಿಸಿಕೊಂಡಿದ್ದು 'ಅವರಿಂದ', ಅಲ್ಲಿ 'ಟುಕ್ ಓವರ್ ಫ್ರಮ್'. 'ಹುದ್ದೆಯ ಪ್ರಭಾರ' ಅನ್ನುವಾಗಿನ 'ಯ' ಇದೆಯಲ್ಲ, ಅದು 'ಚಾರ್ಜ್ ಆಫ್'. ಈಗಲೂ ಮೊದಲು ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡು, ಗೆ, ಇಂದ, ಯ ಎಲ್ಲಿವೆ ಅಂತ ನೋಡಿಯೇ ಟೈಪ್ ಮಾಡುತ್ತೇನೆ.

ಕ್ರಿಯಾಪದವಾದಾಗ 'ಹ್ಯಾಂಡ್ ಓವರ್' ಎರಡು ಪದ, ನಾಮಪದವಾದಾಗ 'ಹ್ಯಾಂಡೋವರ್' ಒಂದೇ ಪದ. 'ಹ್ಯಾಂಡೋವರ್ಡ್' ಅನ್ನುವ ಪದವೇ ಇಲ್ಲ, ಆದರೂ ಕಡತಗಳಲ್ಲಿ ಬೇಕಾದಷ್ಟು ಸಿಗುತ್ತದೆ! 'ಇಟ್' ಬಂದರೆ ಅದು ನಡುವೆ ಕೂರಬೇಕು: 'ಹ್ಯಾಂಡೆಡ್ ಇಟ್ ಓವರ್'. 'ರಿಲೀವ್ಡ್' ಆದಮೇಲೆ ಕರ್ತವ್ಯಕ್ಕೆ ಮೊದಲು 'ಆಫ್' ಬರಬೇಕು, 'ಫ್ರಮ್' ಹಾಕುವುದು ನಮ್ಮ 'ಕರ್ತವ್ಯದಿಂದ ಬಿಡುಗಡೆ'ಯ ಪ್ರಭಾವ. ಅಂದರೆ ನನ್ನ ಸೂತ್ರ ಇಲ್ಲಿ ಕೈ ಕೊಡುತ್ತದೆ, ಇದನ್ನು ಸುಮ್ನೆ ಬಾಯಿಪಾಠ ಮಾಡಿದೆ.

ಭಾಷೆಗಿಂತ ಜಾಸ್ತಿ ಗಲಾಟೆ ಎಬ್ಬಿಸುವುದು ತಾರೀಖಿನ ಪಕ್ಕದ ಪೂರ್ವಾಹ್ನ, ಅಪರಾಹ್ನ. ಪೂರ್ವಾಹ್ನ ವಹಿಸಿಕೊಂಡರೆ ಆ ಹುದ್ದೆಯ ಸಂಬಳ ಅವತ್ತಿಂದಲೇ, ಅಪರಾಹ್ನವಾದರೆ ಮರುದಿನದಿಂದ. ಇದನ್ನು ಬರೆಯದೆ ಬಿಟ್ಟರೆ ಪತ್ರ ವಾಪಸ್ ಬರುತ್ತದೆ, ವ್ಯಾಕರಣ ಎಷ್ಟೇ ಸರಿಯಿದ್ದರೂ.

ಮೊನ್ನೆ ಹೊಸ ಹುಡುಗಿಯೊಬ್ಬಳು 'ದಿ ಕ್ಲರ್ಕ್ ಈಸ್ ಇನ್ ದಿ ಚಾರ್ಜ್ ಆಫ್ ಸ್ಟೋರ್ಸ್' ಅಂತ ಬರೆದು ತಂದಳು. ಆ ಒಂದು 'ದಿ'ಯಿಂದ ಉಗ್ರಾಣವೇ ಗುಮಾಸ್ತರನ್ನು ಸುಪರ್ದಿಗೆ ತಗೊಂಡಂತಾಗಿತ್ತು. ನಗು ತಡೆದುಕೊಂಡು ಕೇಳಿದೆ: "ಏನಮ್ಮಾ, ಬೀಗದ ಕೈ ಯಾರ ಹತ್ರ ಇದೆ?"