ಹಳೆಯ ಮಾರುತಿ 800ಕ್ಕೆ ಅಲೈನ್‌ಮೆಂಟ್: ದಾರ ಕಟ್ಟಿ ಗ್ಯಾರೇಜು ಹುಡುಕಿದ್ದು

ಮುಂದಿನ ಎರಡು ಟೈರುಗಳು ಈಗ ಸುಮಾರು ಇಪ್ಪತ್ತೆರಡು ಸಾವಿರ ಕಿಲೋಮೀಟರ್ ಓಡಿವೆ. ಒಳಅಂಚೂ ಹೊರಅಂಚೂ ಒಂದೇ ಸಮ ಸವೆದಿವೆ. ಅಂದರೆ ಅಲೈನ್‌ಮೆಂಟ್, ಚಕ್ರಗಳು ನಿಂತಿರುವ ದಿಕ್ಕು, ಸರಿಯಿದೆ. ಇದಕ್ಕೂ ಹಿಂದಿನ ಜೋಡಿ ಎಂಟು ಸಾವಿರಕ್ಕೇ ಒಳಗಿನ ತಂತಿ ತೋರಿಸಿತ್ತು. ಗಾಡಿ 2003ರ ಮಾರುತಿ 800. ಓಡಾಟ ಹೆಚ್ಚಾಗಿ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆಯ ನಡುವೆ; ಆಗಾಗ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿ, ಹಸಿರು ತೆರಿಗೆಯನ್ನೂ ಕಟ್ಟಿ ಉಳಿಸಿಕೊಂಡದ್ದು. ‘ಗುಜರಿಗೆ ಹಾಕು ಭಾವ’ ಎಂದವರಿದ್ದಾರೆ. ‘ದಾರ ಕಟ್ಟಿ ಅಲೈನ್‌ಮೆಂಟ್ ನೋಡುವುದೆಲ್ಲ ಅಂಬಾಸಡರ್ ಕಾಲದ್ದು’ ಎಂದು ನಕ್ಕವರೂ ಇದ್ದಾರೆ. ಅವರೆಲ್ಲರಿಗಾಗಿ ಬರೆಯುತ್ತಿದ್ದೇನೆ.

ನಾನು ಮನೆಯಲ್ಲಿ ಅಲೈನ್‌ಮೆಂಟ್ ಮಾಡುವುದಿಲ್ಲ. ಮಾಡಲು ಬರುತ್ತದೆ, ಆದರೆ ಗಾಡಿಯ ಅಡಿಗೆ ನುಗ್ಗುವ ವಯಸ್ಸು ದಾಟಿದೆ. ದಾರ ಕಟ್ಟುವುದು ಗ್ಯಾರೇಜಿನವರನ್ನು ಪರೀಕ್ಷಿಸಲು. ಹೋಗುವ ಮೊದಲು ಅಳೆಯುತ್ತೇನೆ, ಬಂದ ಮೇಲೆ ಮತ್ತೆ ಅಳೆಯುತ್ತೇನೆ. ಅವರು ಕೊಟ್ಟ ಕಾಗದದಲ್ಲಿ ಎಷ್ಟು ಬದಲಾಯಿತು ಎಂದಿದೆ, ನನ್ನ ಸ್ಕೇಲಿನಲ್ಲಿ ಎಷ್ಟು ಬದಲಾಯಿತು ಎಂದು ಹೋಲಿಸುತ್ತೇನೆ. ಇಷ್ಟೇ ಉಪಾಯ.

ಇದಕ್ಕೆ ಇಳಿಯುವ ಮೊದಲು ಕಳೆದುಕೊಂಡ ಹಣದ ವಿಷಯ ಹೇಳಬೇಕು. ಹೆದ್ದಾರಿ ಬದಿಯ ಒಂದು ದೊಡ್ಡ ಟೈರ್ ಅಂಗಡಿಯಲ್ಲಿ ಬಾಲೆನ್ಸಿಂಗ್ ಸೇರಿ ಸುಮಾರು ಏಳುನೂರು ರೂಪಾಯಿ ತೆಗೆದುಕೊಂಡು, ಎಲ್ಲವೂ ಹಸಿರು ಬಣ್ಣದಲ್ಲಿರುವ ಕಾಗದವನ್ನು ಜಾತಕದಂತೆ ಕೈಗೆ ಕೊಟ್ಟರು. ಕುಂಬಳೆ ತಲುಪುವುದರೊಳಗೆ ಗಾಡಿ ಎಡಕ್ಕೆ ಎಳೆಯತೊಡಗಿತು. ಕೇಳಿದರೆ, ರಸ್ತೆಯ ಇಳಿಜಾರು ಎಂದರು. ನಮ್ಮ ಮಳೆಗೆ ರಸ್ತೆಗಳ ಎಡಬದಿ ತಗ್ಗಾಗಿಯೇ ಇರುತ್ತದೆ, ಸ್ವಲ್ಪ ಎಳೆಯುವುದು ಸಹಜ. ಆದರೆ ಬ್ರೇಕ್ ತುಳಿದಾಗ ಎಳೆತ ಹೆಚ್ಚಾಗುವುದಕ್ಕೆ ಇಳಿಜಾರು ಕಾರಣವಲ್ಲ. ಮುಂದಿನ ಟೈರುಗಳನ್ನು ಎಡಬಲ ಅದಲುಬದಲು ಮಾಡಿ ನೋಡಿದೆ. ಎಳೆತ ಬದಿ ಬದಲಿಸಲಿಲ್ಲ. ಅಲ್ಲಿಗೆ ಟೈರಿನ ಮೇಲಿನ ಅನುಮಾನ ಮುಗಿಯಿತು.

ಗಡಿಯಾಚೆಯ ಇನ್ನೊಂದು ಕಡೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು) ಕೆಂಪು ತೋರಿಸುತ್ತಿದೆ, ಜ್ಯಾಕ್ ಕೊಟ್ಟು ಒತ್ತಿ ಸರಿ ಮಾಡುತ್ತೇವೆ, ಸಾವಿರದ ಇನ್ನೂರು ಆಗುತ್ತದೆ ಎಂದರು. 800ರಲ್ಲಿ ಕಂಪನಿಯೇ ಹೊಂದಿಸಲು ಕೊಟ್ಟಿರುವುದು ಮುಂದಿನ ಚಕ್ರಗಳ ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಒಂದನ್ನೇ. ಕ್ಯಾಂಬರ್ ಕೆಂಪಾಗಿದ್ದರೆ ಎಲ್ಲೋ ಏನೋ ಬಾಗಿದೆ ಅಥವಾ ಸವೆದಿದೆ ಎಂದರ್ಥ. ಅದನ್ನು ಹುಡುಕದೆ, ಕಡಲ ಗಾಳಿಗೆ ಇಪ್ಪತ್ತು ವರ್ಷ ತುಕ್ಕು ಹಿಡಿದ ಕಬ್ಬಿಣವನ್ನು ಹೈಡ್ರಾಲಿಕ್ ಜ್ಯಾಕಿನಲ್ಲಿ ಬಗ್ಗಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ನೋಡಿದ್ದಕ್ಕೆಂದು ಮುನ್ನೂರೈವತ್ತು ಕೊಟ್ಟು ಬಂದೆ.

ಎಲ್ಲಕ್ಕಿಂತ ಜಾಣತನ ಮೆರೆದದ್ದು ಮೂರನೆಯ ಅಂಗಡಿ. ಸ್ಟಿಯರಿಂಗಿನಿಂದ ಚಕ್ರವನ್ನು ತಿರುಗಿಸುವ ಸರಳಿಗೆ ಟೈ ರಾಡ್ ಎನ್ನುತ್ತಾರೆ. ಬಲಬದಿಯ ಟೈ ರಾಡಿನ ಲಾಕ್ ನಟ್ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಎಡದ್ದೊಂದನ್ನೇ ತಿರುಗಿಸಿ ಟೋ ಸರಿ ಮಾಡಿದರು. ಸ್ಟಿಯರಿಂಗ್ ವಕ್ರವಾಯಿತು. ಆಗ ಸ್ಟಿಯರಿಂಗ್ ಚಕ್ರವನ್ನೇ ಕಳಚಿ ಒಂದು ಹಲ್ಲು ಆಚೆ ಕೂರಿಸಿ ನೇರ ಮಾಡಿಕೊಟ್ಟರು! ಮನೆಗೆ ಬಂದು ಅಡಿಗೆ ಬಗ್ಗಿ ನೋಡಿದರೆ ಎಡಗಡೆ ರಾಡಿನಲ್ಲಿ ಹೊರಗೆ ಕಾಣುವ ಮರೆ (ಥ್ರೆಡ್) ಬಲಗಡೆಗಿಂತ ಏಳೆಂಟು ಸುತ್ತು ಹೆಚ್ಚು. ಸ್ಟಿಯರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿದರೆ ಸುತ್ತಿನ ಲೆಕ್ಕ ಒಂದು, ಎಡಕ್ಕೆ ಇನ್ನೊಂದು. ಇಂಥದ್ದನ್ನು ಯಾವ ಪ್ರಿಂಟೂ ತೋರಿಸುವುದಿಲ್ಲ.

ದಾರದ ಕೆಲಸಕ್ಕೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಸಾಕು. ಸಮತಟ್ಟಾಗಿದೆ ಎಂದು ಕಾಣುತ್ತದೆ, ಆದರೆ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಗಾರೆಯವರ ಲೆವೆಲ್ ಪೈಪಿನಲ್ಲಿ ನೋಡಿದಾಗ ಗಾಡಿಯಗಲದಲ್ಲಿ ಎರಡು ಬೆರಳಿನಷ್ಟು ವ್ಯತ್ಯಾಸ. ಟೋ ಅಳೆಯಲು ಅಷ್ಟು ಪರವಾಗಿಲ್ಲ, ಆದರೂ ಹಲಗೆ ಕೊಟ್ಟೆ. ಕತ್ತದ ಹುರಿ ಜೋಲುತ್ತದೆ, ಗಾಳಿಗೆ ಆಡುತ್ತದೆ. ಮೀನಿನ ಗಾಳದ ನೈಲಾನ್ ದಾರವೇ ಸರಿ. ಹಬ್ (ಚಕ್ರದ ನಡುಭಾಗ) ಇರುವ ಎತ್ತರಕ್ಕೆ ಎರಡೂ ಬದಿ ಸಮಾನಾಂತರವಾಗಿ ಕಟ್ಟಬೇಕು. ಆಮೇಲೆ ದಾರದಿಂದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಇರುವ ದೂರವನ್ನು ಸ್ಕೇಲಿನಲ್ಲಿ ಅಳೆಯಬೇಕು. ಮುಂದಿನ ಹಬ್ ಹಿಂದಿನದಕ್ಕಿಂತ ದಾರಕ್ಕೆ ಏಳೆಂಟು ಮಿಲಿಮೀಟರ್ ಹತ್ತಿರವಿರುತ್ತದೆ. ಅದು ಸರಿಯೇ, ಈ ಗಾಡಿಗೆ ಮುಂದಿನ ಅಗಲ ಹೆಚ್ಚು. ಹನ್ನೆರಡು ಇಂಚಿನ ರಿಮ್ಮಿನ ಅಂಚಿನಿಂದ ಅಂಚಿಗೆ ಒಂದು ಮಿಲಿಮೀಟರ್ ವ್ಯತ್ಯಾಸ ಬಂದರೆ ಗ್ಯಾರೇಜಿನ ಪ್ರಿಂಟಿನ ಲೆಕ್ಕದಲ್ಲಿ ಹತ್ತು ಮಿನಿಟು (ಕೋನದ ಅಳತೆ, ಒಂದು ಡಿಗ್ರಿಗೆ ಅರವತ್ತು) ಎಂದುಕೊಳ್ಳಿ. ಈ ಒಂದು ಲೆಕ್ಕ ಗೊತ್ತಿದ್ದರೆ ಯಾವ ಗ್ಯಾರೇಜಿನ ಕಾಗದವನ್ನೂ ಮನೆಯಲ್ಲಿ ಪರಿಶೀಲಿಸಬಹುದು. ರಿಮ್ ಸೊಟ್ಟಗಿದ್ದರೆ ಸೀಮೆಸುಣ್ಣದ ಗುರುತು ಹಾಕಿ, ಚಕ್ರ ಅರ್ಧ ಸುತ್ತು ಉರುಳಿಸಿ, ಎರಡು ಅಳತೆಗಳ ಸರಾಸರಿ ತೆಗೆದುಕೊಳ್ಳಬೇಕು. ಹೆದ್ದಾರಿ ಅಗಲ ಮಾಡುವ ಕಾಲದಲ್ಲಿ ಸರ್ವಿಸ್ ರಸ್ತೆಯ ಹೊಂಡಗಳಿಗೆ ಬಿದ್ದ ನನ್ನ ರಿಮ್ಮುಗಳಲ್ಲಿ ನೇರವಾದದ್ದು ಒಂದೋ ಎರಡೋ.

ದಾರವನ್ನು ಬಂಪರಿಗೆ ತಾಗದಂತೆ ಹಿಡಿಯಲು ಹಳೆಯ ಸ್ಪ್ರಿಂಕ್ಲರ್ ಪೈಪಿನಿಂದ ಒಂದು ಚೌಕಟ್ಟು ಮಾಡಿಕೊಂಡಿದ್ದೇನೆ. ಐದು ನಿಮಿಷದಲ್ಲಿ ಸಮಾನಾಂತರ ಸಿಗುತ್ತದೆ. ಅದನ್ನು ಹೇಗೆ ಮಾಡಿದೆ ಎಂದು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ಚಹಾ ಕೊಟ್ಟು ತೋರಿಸುತ್ತೇನೆ.

ಮುಂದಿನ ಚಕ್ರಗಳ ಅಡಿಗೆ ಜಾರುವಂಥದ್ದು ಏನಾದರೂ ಇದ್ದರೆ ಸ್ಟಿಯರಿಂಗ್ ತಿರುಗಿಸಿ ಬಿಟ್ಟಾಗ ಟೈರು ಬಿಗಿದು ನಿಲ್ಲುವುದಿಲ್ಲ. ಗ್ಯಾರೇಜಿನಲ್ಲಿ ಟರ್ನ್‌ಟೇಬಲ್ ಇರುತ್ತದೆ, ನನ್ನಲ್ಲಿ ಎಲ್ಲಿಂದ ಬರಬೇಕು? ಅಡಿಕೆ ಹಾಳೆಗೆ ಸೋಪಿನ ನೀರು ಹಾಕಿ ಇಟ್ಟೆ, ಗಾಡಿ ಹತ್ತಿಸುವಾಗಲೇ ಹರಿಯಿತು. ಎರಡು ನೆಲದ ಟೈಲ್ಸ್ ಮುಖಾಮುಖಿ ಇಟ್ಟು ನಡುವೆ ಗ್ರೀಸ್ ಹಚ್ಚಿದೆ. ಚೆನ್ನಾಗಿ ಜಾರಿತು, ಆದರೆ ಎರಡನೆಯ ಬಾರಿ ಚೂರಾಯಿತು. ಕೊನೆಗೆ ಗೆದ್ದದ್ದು ಚುನಾವಣೆಯ ಹಳೆಯ ಫ್ಲೆಕ್ಸ್. ನಾಲ್ಕು ಮಡಿಕೆ, ನಡುವೆ ಗ್ರೀಸ್. ಪಕ್ಷಭೇದವಿಲ್ಲದೆ ಎಲ್ಲ ಅಭ್ಯರ್ಥಿಗಳೂ ಒಂದೇ ರೀತಿ ಜಾರಿದರು.

ಇಷ್ಟು ಸಿದ್ಧತೆಯೊಂದಿಗೆ ಕಾಸರಗೋಡು, ಉಪ್ಪಳ, ಚೆರ್ಕಳ, ವಿಟ್ಲದವರೆಗೂ ಗ್ಯಾರೇಜುಗಳನ್ನು ನೋಡಿದೆ. ಕೆಲವು ಕಡೆ ಗಾಡಿ ಮೇಲೇರಿಸದೆಯೇ ತಿಳಿಯುತ್ತಿತ್ತು. ಚಕ್ರ ಎತ್ತಿ ಅರ್ಧ ಸುತ್ತು ತಿರುಗಿಸದೆ ನೇರವಾಗಿ ಕ್ಲಾಂಪ್ ಸಿಕ್ಕಿಸಿ ಕಂಪ್ಯೂಟರ್ ಕಡೆ ಓಡುವವನಿಗೆ ಸೊಟ್ಟ ರಿಮ್ಮಿನ ಲೆಕ್ಕವೇ ಸಿಗುವುದಿಲ್ಲ. ರಾಡಿನ ಮೇಲಿನ ರಬ್ಬರ್ ಮುಸುಕಿನ, ಅಂದರೆ ಬೂಟಿನ, ಕ್ಲಿಪ್ ಸಡಿಲಿಸದೆ ರಾಡ್ ತಿರುಗಿಸುವವನು ಬೂಟನ್ನು ತಿರುಚಿ ಹರಿಯುತ್ತಾನೆ. ಮಳೆಗಾಲದಲ್ಲಿ ಸ್ಟಿಯರಿಂಗಿನ ಹಲ್ಲುಪಟ್ಟಿಯಾದ ರ‍್ಯಾಕಿಗೆ ನೀರು ಹೋದರೆ ಆ ಖರ್ಚು ಬೇರೆ.

ಕೊನೆಗೆ ಸಿಕ್ಕ ಜಾಗದಲ್ಲಿ ಹಳೆಯ ಮಾದರಿಯ ಯಂತ್ರ, ಪರದೆಯ ಒಂದು ಮೂಲೆ ಕಪ್ಪಾಗಿದೆ. ಅಲ್ಲಿನ ಹಿರಿಯರು ಮೊದಲು ಜೀಪುಗಳ ಕೆಲಸ ಮಾಡುತ್ತಿದ್ದವರು. ಯಂತ್ರ ಚಾಲೂ ಮಾಡುವ ಮೊದಲು ಗಾಳಿ ನೋಡಿದರು, ಚಕ್ರ ಎತ್ತಿ ಅಡ್ಡಕ್ಕೂ ಉದ್ದಕ್ಕೂ ಅಲುಗಾಡಿಸಿದರು. ಆಮೇಲೆ ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿಗೆ ಹಾರೆ ಕೊಟ್ಟು ಮೀಟಿದರು. ತೋಳು ಹಿಂದಕ್ಕೆ ಸರಿದು ಬಂತು. ಅಲ್ಲಿನ ರಬ್ಬರ್ ಬುಷ್ ಸವೆದಿತ್ತು. ‘ಮಾಷ್ಟ್ರೇ, ಇವತ್ತು ಅಲೈನ್‌ಮೆಂಟ್ ಮಾಡುವುದಿಲ್ಲ. ಬುಷ್ ತನ್ನಿ, ಆಮೇಲೆ ನೋಡೋಣ’ ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಅಷ್ಟೂ ಅಂಗಡಿಗಳಲ್ಲಿ ಕೆಲಸ ಬೇಡವೆಂದು ಕಳಿಸಿದವರು ಇವರೊಬ್ಬರೇ.

800ರಲ್ಲಿ ಸ್ಟೆಬಿಲೈಸರ್ ಬಾರ್ ಎಂಬ ಅಡ್ಡ ಸರಳು ಬರಿಯ ವಾಲಾಟ ತಡೆಯುವುದಕ್ಕಲ್ಲ, ಕೆಳಗಿನ ತೋಳನ್ನು ಹಿಂದೆಮುಂದೆ ಸರಿಯದಂತೆ ಹಿಡಿಯುವುದೂ ಅದೇ. ಅದರ ಬುಷ್ ಸವೆದರೆ ನಿಂತ ಗಾಡಿಯಲ್ಲಿ ಎಲ್ಲವೂ ಹಸಿರು, ಬ್ರೇಕ್ ತುಳಿದಾಗ ಚಕ್ರ ತನ್ನಿಷ್ಟಕ್ಕೆ ತಿರುಗುತ್ತದೆ. ಬುಷ್ಷುಗಳಿಗೆ ಆರುನೂರರ ಆಸುಪಾಸು, ಟೈ ರಾಡ್ ಎಂಡ್ ಮತ್ತು ಒಂದು ರ‍್ಯಾಕ್ ಎಂಡಿಗೆ ಸಾವಿರದ ನಾನೂರೋ ಐನೂರೋ, ಕೂಲಿ ಎಂಟುನೂರು, ಅಲೈನ್‌ಮೆಂಟಿಗೆ ಮುನ್ನೂರು. ಸ್ಟಿಯರಿಂಗ್ ಚಕ್ರವನ್ನು ಅದರ ಹಳೆಯ ಹಲ್ಲಿಗೆ ಮರಳಿ ಕೂರಿಸಿ, ಎರಡೂ ಬದಿಯ ಮರೆ ಸಮ ಮಾಡಿದರು. ಮನೆಗೆ ಬಂದು ದಾರ ಕಟ್ಟಿದರೆ ಎರಡೂ ಬದಿ ಸೇರಿ ಒಂದು ಮಿಲಿಮೀಟರ್ ಒಳಮುಖ, ಅವರ ಕಾಗದದಲ್ಲಿದ್ದದ್ದೂ ಅದೇ. ಎರಡು ಟೈರಿಗೆ ಐದು ಸಾವಿರ ಎಂದಿಟ್ಟುಕೊಂಡರೂ ಖರ್ಚು ಆಗಲೇ ಹುಟ್ಟಿದೆ.

ಅವರ ಹೆಸರನ್ನು ಬರೆಯುವುದಿಲ್ಲ. ಶನಿವಾರ ಈಗಲೇ ಸಾಲು ನಿಲ್ಲಬೇಕು. ಮುಳ್ಳೇರಿಯ ಕಡೆಯ ಜೀಪಿನವರನ್ನು ಕೇಳಿದರೆ ಗೊತ್ತಾಗುತ್ತದೆ. ಯಾರಲ್ಲಿಗೇ ಹೋಗುವುದಿದ್ದರೂ ಹಿಂದಿನ ರಾತ್ರಿ ಎರಡೂ ಲಾಕ್ ನಟ್ಟುಗಳಿಗೆ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿಟ್ಟು, ಬೆಳಿಗ್ಗೆ ಒರೆಸಿ ತೆಗೆದು ಹೊರಡಿ. ಇಲ್ಲದಿದ್ದರೆ ಗ್ಯಾಸ್ ಕಟ್ಟರಿನಿಂದ ಬೆಂಕಿ ಕೊಟ್ಟು ಸಡಿಲಿಸುತ್ತಾರೆ, ಪಕ್ಕದ ರಬ್ಬರ್ ಬೂಟು ಅದರೊಂದಿಗೇ ಸುಟ್ಟುಹೋಗುತ್ತದೆ.