ಮಂಡಿಗೆ ಹೊರಕವಚ: ಬೋಲ್ಟ್ ಎಲ್ಲಿ ಕೂರಬೇಕು?

ಏಡಿಯ ಒಣಗಿದ ಕಾಲೊಂದು ಸಿಕ್ಕರೆ ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಮಡಚಿ ನೋಡಿ. ಒಂದು ಗಂಟು ಮೇಲೆ ಕೆಳಗೆ ಮಾತ್ರ ಆಡುತ್ತದೆ, ಇನ್ನೊಂದು ಹಿಂದೆ ಮುಂದೆ ಮಾತ್ರ. ಬಾಗಿಲಿನ ತಿರುಗುಣಿಯ ಹಾಗೆ ಎರಡು ಬದಿಗೂ ಒಂದೊಂದು ಆಧಾರ, ನಡುವೆ ಮೆತ್ತನೆಯ ಪೊರೆ. ಏಡಿಗೆ ಚಿಪ್ಪೇ ಕೀಲು. ನಮಗೆ ಕೀಲು ಒಳಗೆ, ನಾವು ಕಟ್ಟಿಕೊಳ್ಳುವ ಕವಚ ಹೊರಗೆ, ತಾಪತ್ರಯವೆಲ್ಲ ಅಲ್ಲೇ. ಈ ಕವಚವೆಂದರೆ ಮಂಡಿಯ ಎರಡು ಪಕ್ಕದಲ್ಲೂ ತೊಡೆಗೊಂದು, ಮಂಡಿಯ ಕೆಳಗಿನ ಕಾಲಿಗೊಂದು ಪಟ್ಟಿ, ಅವೆರಡೂ ಸೇರುವಲ್ಲಿ ಕೀಲಿನ ಹಾಗೆ ಒಂದು ಬೋಲ್ಟ್.

ನನ್ನ ಮೊದಲ ಮಾದರಿಯಲ್ಲಿ ಬೋಲ್ಟನ್ನು ಮಂಡಿಚಿಪ್ಪಿನ ಕೆಳ ಅಂಚಿನ ನೇರಕ್ಕೆ ಹಾಕಿದ್ದೆ. ಕುಳಿತ ಕೂಡಲೇ ತೊಡೆಯ ಪಟ್ಟಿ ಜಾರಿ ರೋಮವನ್ನೆಲ್ಲ ಕಿತ್ತುಕೊಂಡು ಹೋಯಿತು.

ಸರಿಯಾದ ಜಾಗ ಹುಡುಕಲು ಕುರ್ಚಿಯಲ್ಲಿ ಕುಳಿತು ಮಂಡಿಯ ಎರಡು ಪಕ್ಕವನ್ನೂ ಬೆರಳಿನಿಂದ ಒತ್ತಿ, ಕಾಲನ್ನು ಮೆಲ್ಲಗೆ ತೂಗಿ. ತೊಡೆಮೂಳೆಯ ತುದಿಯ ಉಬ್ಬು ಹೆಚ್ಚು ಅಲುಗುವುದಿಲ್ಲ. ಮೂಳೆಗಳ ಸಂದಿಯಿಂದ ಸುಮಾರು 2 ಸೆಂ.ಮೀ. ಮೇಲೆ, ಮಂಡಿಯ ನಡುಮಧ್ಯಕ್ಕಿಂತ ತುಸು ಹಿಂದೆ, ಅಲ್ಲಿ ಬೋಲ್ಟ್ ಬರಬೇಕು. ಗುರುತನ್ನು ಎದ್ದು ನಿಂತೇ ಹಾಕಿ. ಕುಳಿತು ಹಾಕಿದರೆ ಏಳುವಾಗ ಚರ್ಮದ ಜೊತೆ ಗುರುತೂ ಸರಿಯುತ್ತದೆ.

ಪ್ರತಿ ಪಕ್ಕಕ್ಕೂ ಗಟ್ಟಿ ಪ್ಲಾಸ್ಟಿಕ್ಕಿನ ಎರಡು ಪಟ್ಟಿ ಕತ್ತರಿಸಿ. ಕೆಳಗಿನ ಪಟ್ಟಿಗೆ ದುಂಡು ತೂತು ಬೇಡ, ಬೋಲ್ಟ್ ಜಾರುವಂತೆ ಉದ್ದಕ್ಕೆ ಒಂದು ಸೆಂ.ಮೀ. ಸೀಳುಗಂಡಿ ಕೊರೆಯಿರಿ. ಮಂಡಿ ಒಂದೇ ಬಿಂದುವಿನಲ್ಲಿ ತಿರುಗುವುದಿಲ್ಲ. ತೊಡೆಮೂಳೆ ಕೆಳಗಿನ ಮೂಳೆಯ ಮೇಲೆ ಉರುಳುತ್ತಾ ಜಾರುತ್ತದೆ, ಆ ಜಾರಾಟಕ್ಕೆ ಜಾಗ ಬೇಕು. ಬೋಲ್ಟಿನ ನಯವಾದ ತಲೆ ಚರ್ಮದ ಕಡೆಗಿರಲಿ. ವಾಷರ್ ಹಾಕಿ, ಲಾಕ್‌ನಟ್ಟನ್ನು ಪಟ್ಟಿ ಸಲೀಸಾಗಿ ಆಡುವಷ್ಟೇ ಬಿಗಿಯಿರಿ. ಕಾಲು ನೆಟ್ಟಗಾದ ಮೇಲೆ ಹಿಂದಕ್ಕೆ ಬಾಗದಂತೆ ಒಂದು ತಡೆ ಅಂಟಿಸಿ. ವೆಲ್ಕ್ರೋವನ್ನು ಬೋಲ್ಟಿನಿಂದ ಆದಷ್ಟು ದೂರ, ಸ್ಪಂಜಿನ ಮೇಲೆ ಸುತ್ತಿ. ಹತ್ತಿರ ಕಟ್ಟಿದಷ್ಟೂ ಚರ್ಮದ ಮೇಲಿನ ಒತ್ತಡ ಹೆಚ್ಚು.

ಏಳಲು ನೆರವು ಬೇಕಿದ್ದರೆ ಬೋಲ್ಟಿನ ಮುಂದುಗಡೆ ರಬ್ಬರ್ ಪಟ್ಟಿ ಕಟ್ಟಿ. ಕೂರುವಾಗ ಎಳೆದು ಕೂಡಿಸಿಟ್ಟ ಶಕ್ತಿಯನ್ನು ಏಳುವಾಗ ಮರಳಿಸುತ್ತದೆ. ಮೋಟಾರಿನ ಆಸೆ ಸದ್ಯಕ್ಕೆ ಬೇಡ. 1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಟ್ಟಲು ಹೊರಟ, ಮೈಗೆ ತೊಡುವ ಯಂತ್ರಕವಚ ಹಾರ್ಡಿಮ್ಯಾನ್ ಸುಮಾರು 680 ಕಿಲೋ ತೂಗುತ್ತಿತ್ತು. ಕೊನೆಗೆ ಒಂದು ತೋಳಷ್ಟೇ ನೆಟ್ಟಗೆ ಕೆಲಸ ಮಾಡಿತು!

ಮಂಡಿನೋವು ಇರುವವರು ಇದನ್ನು ಕಟ್ಟಿಕೊಳ್ಳಬೇಡಿ. ಜೋಮು ಹಿಡಿದರೆ ತಕ್ಷಣ ಬಿಚ್ಚಿ. ಇಪ್ಪತ್ತು ಸಲ ಕುಳಿತು ಎದ್ದ ಮೇಲೆ ಕವಚ ತೆಗೆದು ಚರ್ಮ ನೋಡಿ. ಕೆಂಪು ಗೆರೆ ಪಟ್ಟಿಯ ಒಂದೇ ಅಂಚಿನಲ್ಲಿ ಮೂಡಿದ್ದರೆ ಬೋಲ್ಟನ್ನು ಮೂರು ಮಿ.ಮೀ. ಸರಿಸಿ, ಮತ್ತೆ ಇಪ್ಪತ್ತು ಸಲ. ನನಗೆ ಐದನೆಯ ತೂತಿಗೆ ಸರಿಹೋಯಿತು.