ಬಿಬಿಸಿ ಮೈಕ್ರೋ ಬೆಂಗಳೂರಿಗೆ ಬಂತು, ಅದೂ ರೆಡ್ ಚಾನೆಲ್‌ನಲ್ಲೇ

"ಹಳೇ ಕಂಪ್ಯೂಟರ್ ತರ್ತೀಯಾ? ಇ-ವೇಸ್ಟ್ ಅಂತ ಏರ್‌ಪೋರ್ಟಲ್ಲೇ ಇಟ್ಕೋತಾರೆ ನೋಡು." ಹಳೇ ಕಂಪ್ಯೂಟರ್ ಹುಚ್ಚಿನ ನಮ್ಮ ಗುಂಪಿನಲ್ಲಿ ಹೀಗೆ ಅಂದವರೇ ಜಾಸ್ತಿ. ಈಗ ನನ್ನ ಮೇಜಿನ ಮೇಲೆ ಎಂಬತ್ತರ ದಶಕದ ಬ್ರಿಟಿಷ್ ಕಂಪ್ಯೂಟರ್ ಬಿಬಿಸಿ ಮೈಕ್ರೋ ಮಾಡೆಲ್ ಬಿ ಇದೆ, ಪಕ್ಕದಲ್ಲೇ ಅದರ ನಂತರದ ಮಾಡೆಲ್ ಮಾಸ್ಟರ್ 128. ಎರಡೂ ಕಸ್ಟಮ್ಸ್‌ನವರ ಕಣ್ಣೆದುರೇ ಬಂದವು.

ಈ ಯಂತ್ರವೇ ಯಾಕೆ ಅಂದರೆ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸೋಕೆ ಸರ್ಕಾರ ತಂದ 1984ರ ಕ್ಲಾಸ್ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದದ್ದು ಇದೇ. ಇನ್ನೊಂದು ಲಾಭ, ಬ್ರಿಟನ್ನಿನ ಕರೆಂಟೂ ನಮ್ಮದೂ ಒಂದೇ ಥರ, ಟಿವಿ ಸಿಗ್ನಲ್ ಕೂಡ ಪಾಲ್ ಅನ್ನೋ ಒಂದೇ ಬಗೆಯದು. ಅಮೆರಿಕದಿಂದ ತಂದವರು 110 ವೋಲ್ಟ್ ಕರೆಂಟು, ಎನ್‌ಟಿಎಸ್‌ಸಿ ಸಿಗ್ನಲ್ಲು ಅಂತ ಒದ್ದಾಡೋದು ನೋಡಿದ್ದೀನಿ.

ಮೊದಲು ಪಾರ್ಸೆಲ್‌ನಲ್ಲಿ ತರಿಸಿ ನೋಡಿದೆ. ಯಂತ್ರಕ್ಕೆ ಸುಮಾರು 9,000, ಸಾಗಣೆಗೆ ಹೆಚ್ಚುಕಮ್ಮಿ ಅಷ್ಟೇ. ಇಲ್ಲಿಗೆ ಬಂದ ಮೇಲೆ ಕೊರಿಯರ್‌ನವರು ಆಧಾರ್ ಕೇಳಿದರು, ಪ್ಯಾನ್ ಕೇಳಿದರು, ಆಮೇಲೆ ಆಮದು ಲೈಸೆನ್ಸ್ ಕೇಳಿದರು. ಬಳಸಿದ ಕಂಪ್ಯೂಟರ್ ಆಮದಿಗೆ ನಿರ್ಬಂಧ ಇದೆ, ಗೊತ್ತಲ್ಲ. 1980ರ ದಶಕದ ಪೆಟ್ಟಿಗೆಗೂ ಕಳೆದ ವರ್ಷದ ಡೆಸ್ಕ್‌ಟಾಪ್‌ಗೂ ಅವರ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ವಾರಗಟ್ಟಲೆ ಗೋದಾಮಿನಲ್ಲಿ ಬಿದ್ದಿತ್ತು, ಕೊನೆಗೆ ವಾಪಸ್ ಹೋಯಿತು. ಎರಡೂ ಕಡೆಯ ಸಾಗಣೆ ನನ್ನ ತಲೆಗೇ ಬಂತು. ಗೆಳೆಯನೊಬ್ಬನ ಪಾರ್ಸೆಲ್ ಹೇಗೋ ಪಾಸಾಯಿತು. ಆದರೆ ಸುಂಕ, ಐಜಿಎಸ್‌ಟಿ ಎಲ್ಲ ಸೇರಿ ಆಗ 77 ಪರ್ಸೆಂಟ್! ಬಿಚ್ಚಿ ನೋಡಿದರೆ ಕೇಸ್ ಬೇರೆ ಸೀಳಿತ್ತು.

ಅದೇ ಮಾಲು ನಮ್ಮ ಜೊತೆ ವಿಮಾನದಲ್ಲಿ ಬಂದರೆ ಬ್ಯಾಗೇಜ್ ನಿಯಮ. ನಾನು ತಂದಾಗ 50,000 ರೂಪಾಯಿವರೆಗೆ ಸುಂಕ ಇರಲಿಲ್ಲ. ಅದರ ಮೇಲಿನದಕ್ಕೆ ಮಾತ್ರ 38.5 ಪರ್ಸೆಂಟ್. ಇದನ್ನು ಹೇಳಿದರೂ ಯಾರೂ ನಂಬಲಿಲ್ಲ. ಹೆಂಡತಿಯ ಪಾಲನ್ನೂ ಸೇರಿಸಿ ಒಂದು ಲಕ್ಷ ಮಾಡ್ಕೋ ಅಂದವರಿದ್ದರು. ಹಾಗೆ ಇಬ್ಬರದು ಕೂಡಿಸೋಕೆ ಆಗಿನ ನಿಯಮ ಬಿಡುತ್ತಿರಲಿಲ್ಲ. ಒಂದು ಲ್ಯಾಪ್‌ಟಾಪ್‌ಗೆ ವಿನಾಯಿತಿ ಇದೆಯಲ್ಲ, ಅದರಲ್ಲೇ ಸೇರಿಸು ಅಂದ ಇನ್ನೊಬ್ಬ. ಇದನ್ನು ತೊಡೆ ಮೇಲೆ ಇಟ್ಟುಕೊಂಡು ತೋರಿಸಲಿ ಅವನು.

ನನ್ನ ಮುಖ್ಯ ಕೆಲಸವೆಲ್ಲ ಒಂದು ಫೈಲಿನಲ್ಲಿತ್ತು. ಮಾರಿದವರ ಬಿಲ್, ಬ್ಯಾಂಕಿನಲ್ಲಿ ಹಣ ಹೋದ ಪುಟ, ಮುಚ್ಚಳ ತೆಗೆದ ಫೋಟೋಗಳು. ಇದೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು, ಅದೇ ಮಾಡೆಲ್ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಅಂತ ತೋರಿಸುವ ಪುಟಗಳ ಪ್ರಿಂಟ್. ಅಧಿಕಾರಿ ಫೋನ್ ತೆಗೆದು ಹುಡುಕಿದರೆ ಮೊದಲು ಸಿಗೋದು ರಿಪೇರಿ ಮಾಡಿ ಹೊಳಪು ಕೊಟ್ಟ ಯಂತ್ರದ ರೇಟು, 400 ಪೌಂಡ್‌ಗೂ ಮೇಲೆ. ನಾನು ಕೊಟ್ಟದ್ದು ನೂರು ಚಿಲ್ಲರೆ ಪೌಂಡ್. ಡಿಸ್ಕ್ ಡ್ರೈವ್, ಕೇಬಲ್ ಎಲ್ಲ ಸೇರಿ ಮೂವತ್ತು ಸಾವಿರ ದಾಟಲಿಲ್ಲ.

ಸುಂಕದ ಮಾಲು ಏನೂ ಇಲ್ಲ ಅನ್ನುವವರು ಹೋಗುವ ಗ್ರೀನ್ ಚಾನೆಲ್ ಕಡೆ ಹೋಗಲೇ ಇಲ್ಲ. ಅಲ್ಲಿ ಎಕ್ಸ್‌ರೇಯಲ್ಲಿ ಕಂಡು ಅವರೇ ಕರೆದರೆ ಮಾತಿನ ಧಾಟಿಯೇ ಬೇರೆ. ತಂದದ್ದನ್ನು ನಾವೇ ಹೇಳಿಕೊಳ್ಳುವ ರೆಡ್ ಚಾನೆಲ್‌ಗೆ ನೇರ ಹೋಗಿ ಫೈಲ್ ಮುಂದಿಟ್ಟೆ.

"ಏನ್ರೀ ಇದು, ಟೈಪ್‌ರೈಟರಾ?"

"ಕಂಪ್ಯೂಟರ್ ಸರ್. ಬ್ರಿಟನ್ನಿನ ಶಾಲೆಗಳದ್ದು, ಎಂಬತ್ತರ ದಶಕದ್ದು."

"ಮೆಮರಿ ಎಷ್ಟಿದೆ?"

"32 ಕೆಬಿ ಸರ್."

"ಜಿಬಿ ಅನ್ನಿ."

"ಅಲ್ಲ ಸರ್, ಕೆಬಿ."

ಅವರು ಪಕ್ಕದವರನ್ನು ಕರೆದು ಕೆಂಪು ಫಂಕ್ಷನ್ ಕೀಗಳನ್ನು ತೋರಿಸಿದರು. ಬಿಲ್ ನೋಡಿದರು, ನನ್ನ ಪ್ರಿಂಟ್‌ಗಳನ್ನೂ ತಿರುವಿ ನೋಡಿದರು. ಇಪ್ಪತ್ತು ನಿಮಿಷ ಆಗಿರಬಹುದು. ಸುಂಕ ಇಲ್ಲ, ಹೋಗಿ ಅಂದರು.

ಪ್ಯಾಕಿಂಗ್ ಬಗ್ಗೆ ಒಂದೆರಡು ಮಾತು. ಪವರ್ ಸಪ್ಲೈ ಬಿಚ್ಚಿ ಬೇರೆ ಸುತ್ತಿ. ತಳದಲ್ಲಿ ಮೂರು ಸ್ಕ್ರೂ, ಒಳಗೆ ಏಳು ಕನೆಕ್ಟರ್, ಅಷ್ಟೇ. ಇಲ್ಲದಿದ್ದರೆ ಆ ಭಾರ ಅಲುಗಾಡಿ ಕೇಸ್ ಒಡೆಯುತ್ತದೆ. ಕೀಬೋರ್ಡ್ ಅಲುಗದ ಹಾಗೆ ನಾನು ಏನು ತುಂಬಿದೆ ಅನ್ನೋದು ನನ್ನಲ್ಲೇ ಇರಲಿ. ಯಂತ್ರ ಎಲ್ಲಿ ಕೊಂಡೆ ಅಂತಲೂ ಕೇಳಬೇಡಿ, ಇನ್ನೊಂದೆರಡು ಅಲ್ಲಿಂದ ಬರಬೇಕಿದೆ.

ಜೊತೆಗೆ ಫ್ಲಾಪಿ ಪರೀಕ್ಷೆಯನ್ನೂ ಮಾಡಿದೆ. ಎಕ್ಸ್‌ರೇಗೆ ಫ್ಲಾಪಿ ಹಾಳಾಗುತ್ತೆ ಅಂತ ಹೆದರಿಸುವವರು ಈಗಲೂ ಇದ್ದಾರೆ. ಐದೂಕಾಲು ಇಂಚಿನವು ಅರ್ಧ ಸೂಟ್‌ಕೇಸಿನಲ್ಲಿ, ಅರ್ಧ ಕೈಚೀಲದಲ್ಲಿ ತಂದೆ. ಹೊರಡುವ ಮೊದಲು ಓದಿದ್ದವೆಲ್ಲ ಇಲ್ಲೂ ಓದಿದವು. ಫ್ಲಾಪಿಗೆ ಆಗದಿರುವುದು ಅಯಸ್ಕಾಂತ, ಎಕ್ಸ್‌ರೇ ಅಲ್ಲ. ಮೈಕ್ರೋವಿಟೆಕ್ ಕಬ್ ಮಾನಿಟರ್ ಮೇಲೂ ಆಸೆ ಇತ್ತು. ಆ ಗಾಜಿನ ಭಾರಕ್ಕೆ ವಿಮಾನದವರು ಕೇಳುವ ದುಡ್ಡಿನಲ್ಲಿ ಇನ್ನೊಂದು ಕಂಪ್ಯೂಟರ್ ಬರುತ್ತದೆ. ಅದನ್ನು ಬಿಟ್ಟು ಅದರ ಹಳೇ ಆರ್‌ಜಿಬಿ ಸಿಗ್ನಲನ್ನು ಈಗಿನ ಟಿವಿಯ ಎಚ್‌ಡಿಎಂಐಗೆ ಬದಲಿಸುವ ಬೋರ್ಡ್ ಹಾಕಿಕೊಂಡೆ.

ಮುಂದಿನ ಸಲ ಮಾಸ್ಟರ್ 128 ಜೊತೆ ಬೇರೆ ಸಾಮಾನೂ ಇತ್ತು. ಮಿತಿಗಿಂತ ಹನ್ನೆರಡು ಸಾವಿರದಷ್ಟು ಮೇಲಾಯಿತು. ನಾಲ್ಕೂವರೆ ಸಾವಿರದ ಆಸುಪಾಸು ಸುಂಕ ಕಟ್ಟಿ ರಸೀದಿ ಇಸ್ಕೊಂಡೆ. ಪಾರ್ಸೆಲ್ ವಾಪಸ್ ಹೋದಾಗ ಕಳೆದದ್ದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಮಾಸ್ಟರ್‌ನಲ್ಲಿ ಬ್ಯಾಟರಿ ಇರುತ್ತೆ, ಅದನ್ನು ಅಲ್ಲೇ ತೆಗೆದುಬಿಡಿ. ವಿಮಾನದ ತಕರಾರೂ ಇಲ್ಲ, ಸೋರಿ ಬೋರ್ಡ್ ತಿನ್ನುವ ಭಯವೂ ಇಲ್ಲ.

ಇಲ್ಲಿಗೆ ತಂದ ಕೂಡಲೇ ಪ್ಲಗ್‌ಗೆ ಹಾಕಬೇಡಿ. ಪವರ್ ಸಪ್ಲೈನಲ್ಲಿ ರೀಫಾ ಕಂಪನಿಯ ಎರಡು ಹಳೇ ಕೆಪಾಸಿಟರ್ ಇರುತ್ತವೆ, ಅವು ಬಿರುಕು ಬಿಟ್ಟಿರುತ್ತವೆ. ಕರೆಂಟ್ ಕೊಟ್ಟರೆ ಮನೆ ತುಂಬ ನಾರುವ ಹೊಗೆ. ಬದಲಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಎಕ್ಸ್2 ದರ್ಜೆಯವು, ಅಂದರೆ ಮನೆ ಕರೆಂಟಿಗೆ ನೇರ ಹಾಕೋಕೆ ಅಂತಲೇ ಮಾಡಿದವು, ಅಂತ ಕೇಳಿ ತನ್ನಿ, ಎರಡೂ ಸೇರಿ ನೂರು ರೂಪಾಯಿ ಆಗಲ್ಲ.